ಆರ್‌ಟಿಎಕ್ಸ್ 5060, ಆರ್‌ಎಕ್ಸ್ 9060 ಎಕ್ಸ್‌ಟಿ, ಆರ್ಕ್ ಬಿ580: ಚಿಕ್ಕಮಗಳೂರಿನ ಮನೆಗೆ ಯಾವ ಗ್ರಾಫಿಕ್ಸ್ ಕಾರ್ಡ್?

ಮಧ್ಯಮ ಬೆಲೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟವರ ಮುಂದೆ ಮುಖ್ಯವಾಗಿ ಮೂರು ಹೆಸರುಗಳು ನಿಲ್ಲುತ್ತವೆ: ಎನ್‌ವಿಡಿಯಾದ ಜಿಫೋರ್ಸ್ ಆರ್‌ಟಿಎಕ್ಸ್ 5060, ಎಎಂಡಿಯ ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ ಮತ್ತು ಇಂಟೆಲ್‌ನ ಆರ್ಕ್ ಬಿ580. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಒಂದು, ಬಸವನಹಳ್ಳಿಯ ಗೆಳೆಯರ ಮನೆಯಲ್ಲಿ ಒಂದು, ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನ ಬಳಿ ಮತ್ತೊಂದು ಇರುವುದರಿಂದ ಇವುಗಳನ್ನು ಹಳೆಯ ಮತ್ತು ಹೊಸ ಕಂಪ್ಯೂಟರುಗಳಿಗೆ ಬದಲಿಸಿ ಹಾಕಿ ಆಡಿ ನೋಡುವ ಅವಕಾಶ ನನಗೆ ಸಿಕ್ಕಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕೈದು ವರ್ಷ ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡ್ ಸೇರಿಸಿ ಆಟ ಆಡಬೇಕೆನ್ನುವವರು 16 ಜಿಬಿ ಮೆಮೊರಿಯ 9060 ಎಕ್ಸ್‌ಟಿಯನ್ನೇ ಕೊಳ್ಳಬೇಕು. ಅದಕ್ಕೆ ಹಣ ಸಾಲದಿದ್ದರೆ ಇನ್ನೆರಡರ ಪೈಕಿ ಯಾವುದು ಎಂಬುದನ್ನು ಕಾರ್ಡ್ ನೋಡಿ ನಿರ್ಧರಿಸುವುದಕ್ಕಿಂತ ಅದು ಕೂರುವ ಮದರ್‌ಬೋರ್ಡ್, ಪ್ರೊಸೆಸರ್ ಮತ್ತು ಯುಪಿಎಸ್ ನೋಡಿ ನಿರ್ಧರಿಸಬೇಕು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಯೂಟ್ಯೂಬಿನಲ್ಲಿ ಕಾರ್ಡುಗಳನ್ನು ಪರೀಕ್ಷಿಸುವವರು ಕಾರ್ಡಿನ ಶಕ್ತಿಯೊಂದನ್ನೇ ಅಳೆಯಬೇಕೆಂದು ಅತಿ ವೇಗದ ಪ್ರೊಸೆಸರ್ ಮತ್ತು ಹೊಸ ಮದರ್‌ಬೋರ್ಡ್ ಬಳಸುತ್ತಾರೆ. ಅವರ ಉದ್ದೇಶಕ್ಕೆ ಅದು ಸರಿಯಾದ ಕ್ರಮವೇ. ಆದರೆ ನಮ್ಮೂರಿನ ಮನೆಗಳಲ್ಲಿರುವ ಕಂಪ್ಯೂಟರುಗಳಲ್ಲಿ ದೊಡ್ಡ ಪಾಲು ಕೋವಿಡ್ ಕಾಲದಲ್ಲಿ ಆನ್‌ಲೈನ್ ತರಗತಿಗೆಂದೋ ಮನೆಯಿಂದಲೇ ಕಚೇರಿ ಕೆಲಸ ಮಾಡಲೆಂದೋ ಕೊಂಡವು. ಇಂಟೆಲ್ ಹತ್ತನೇ ತಲೆಮಾರಿನ ಐ3, ಐ5, ಇಲ್ಲವೇ ಬಿ450 ಮಾದರಿಯ ಮದರ್‌ಬೋರ್ಡಿನ ಮೇಲೆ ಕೂರಿಸಿದ ಎಎಂಡಿಯ ರೈಜನ್ ಪ್ರೊಸೆಸರುಗಳೇ ಅವುಗಳಲ್ಲಿ ಹೆಚ್ಚು. ಪರೀಕ್ಷೆಯ ಮೇಜಿನ ಮೇಲೆ ಸಮಸಮವಾಗಿ ಕಾಣುವ ಎರಡು ಕಾರ್ಡುಗಳು ಇಂತಹ ಕಂಪ್ಯೂಟರಿನೊಳಗೆ ಹೋದ ಮೇಲೆ ಸಮವಾಗಿ ಉಳಿಯುವುದಿಲ್ಲ.

ಮೊದಲು ಕಾರ್ಡುಗಳ ಮೂಲ ವಿವರಗಳನ್ನು ನೋಡೋಣ. ಆರ್ಕ್ ಬಿ580 ಮಾರುಕಟ್ಟೆಗೆ ಬಂದದ್ದು 2024ರ ಡಿಸೆಂಬರಿನಲ್ಲಿ, 249 ಡಾಲರ್ ಬೆಲೆಗೆ; ಅದರಲ್ಲಿ 12 ಜಿಬಿ ಮೆಮೊರಿ ಇದೆ. ಆರ್‌ಟಿಎಕ್ಸ್ 5060 ಬಂದದ್ದು 2025ರ ಮೇ ತಿಂಗಳಿನಲ್ಲಿ, 299 ಡಾಲರಿಗೆ. ಅದರಲ್ಲಿರುವುದು 8 ಜಿಬಿ ಮಾತ್ರ, ಆದರೆ ಹೊಸ ಬಗೆಯ ಜಿಡಿಡಿಆರ್7 ಮೆಮೊರಿ. ಆರ್‌ಎಕ್ಸ್ 9060 ಎಕ್ಸ್‌ಟಿ 2025ರ ಜೂನ್ ತಿಂಗಳಿನಲ್ಲಿ ಎರಡು ರೂಪದಲ್ಲಿ ಬಂತು, 8 ಜಿಬಿಯದಕ್ಕೆ 299 ಡಾಲರ್, 16 ಜಿಬಿಯದಕ್ಕೆ 349 ಡಾಲರ್. ಪೆಟ್ಟಿಗೆಯ ಮೇಲೆ ಎರಡಕ್ಕೂ ಒಂದೇ ಹೆಸರಿರುವುದು ನನಗೆ ಸರಿಕಾಣುವುದಿಲ್ಲ. ಅಂಗಡಿಯವರು ಹೇಳುವ ಬೆಲೆ ತೀರಾ ಇಳಿದಂತೆ ಕಂಡರೆ ಅದು 8 ಜಿಬಿಯ ಕಾರ್ಡ್ ಇರಬಹುದು. ಆದ್ದರಿಂದ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಕಣ್ಣಾರೆ ನೋಡಿಯೇ ಹಣ ಕೊಡಬೇಕು.

ಈಗ ಈ ಆಯ್ಕೆಯ ತಿರುಳಿಗೆ ಬರುತ್ತೇನೆ. ಆಟವೊಂದು ನಡೆಯುವಾಗ ಅದರ ಚಿತ್ರಗಳು, ಮೇಲ್ಮೈಗಳ ವಿವರಗಳು, ಬೆಳಕಿನ ಲೆಕ್ಕಾಚಾರಗಳು ಎಲ್ಲವೂ ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಇರಬೇಕು. 5060ರ ಚಿಪ್ ತನ್ನ ಮೆಮೊರಿಯಿಂದ ಸೆಕೆಂಡಿಗೆ 448 ಜಿಬಿ ವೇಗದಲ್ಲಿ ಮಾಹಿತಿ ಓದಬಲ್ಲದು. ಆದರೆ ಆಟ ಕೇಳುವ ಜಾಗ 8 ಜಿಬಿಯನ್ನು ದಾಟಿದ ಕೂಡಲೇ ಉಳಿದ ಮಾಹಿತಿ ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ಗೆ ಹೋಗಿ ಕೂರುತ್ತದೆ, ಮತ್ತು ಅದನ್ನು ಪ್ರತಿ ಬಾರಿಯೂ ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಮೂಲಕ ತರಿಸಿಕೊಳ್ಳಬೇಕಾಗುತ್ತದೆ. ಹೊಸ ಕಾರ್ಡುಗಳನ್ನು ಹಳೆಯ ಸ್ಲಾಟಿಗೂ ಹಾಕಬಹುದು, ಆದರೆ ವೇಗ ಸ್ಲಾಟಿನದೇ ಆಗಿರುತ್ತದೆ. 5060 ಆ ಸ್ಲಾಟಿನ ಹದಿನಾರು ಹಾದಿಗಳ ಪೈಕಿ ಎಂಟನ್ನು ಮಾತ್ರ ಬಳಸುವ ಕಾರ್ಡ್. ಐದನೇ ತಲೆಮಾರಿನ ಸ್ಲಾಟ್ ಇರುವ ಹೊಸ ಬೋರ್ಡಿನಲ್ಲಿ ಎಂಟು ಹಾದಿಗಳಿಂದಲೇ ಸೆಕೆಂಡಿಗೆ ಸುಮಾರು 32 ಜಿಬಿ ಸಾಗುತ್ತದೆ. ನಾಲ್ಕನೆಯದರಲ್ಲಿ 16 ಜಿಬಿ. ಮೂರನೆಯದರಲ್ಲಿ ಹೆಚ್ಚೆಂದರೆ 8 ಜಿಬಿ. ಬಿ450 ಬೋರ್ಡುಗಳೂ ಇಂಟೆಲ್ ಹತ್ತನೇ ತಲೆಮಾರಿನ ಪ್ರೊಸೆಸರುಗಳೂ ಕೊಡುವುದು ಈ ಮೂರನೇ ತಲೆಮಾರಿನ ಸ್ಲಾಟನ್ನೇ. ಅಂದರೆ ಮೆಮೊರಿ ತುಂಬಿ ಹೊರಚೆಲ್ಲಿದ ಆ ಭಾಗದ ಮಟ್ಟಿಗೆ ವೇಗ 448ರಿಂದ 8ಕ್ಕೆ ಇಳಿಯುತ್ತದೆ. ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಚಿತ್ರಗಳ, ಅಂದರೆ ಫ್ರೇಮುಗಳ, ಸರಾಸರಿ ಸಂಖ್ಯೆಯಲ್ಲಿ ಇದು ಅಷ್ಟಾಗಿ ಕಾಣದೆ ಹೋಗಬಹುದು. ಆಡುವವರಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ: ಓಡುತ್ತಿದ್ದ ದೃಶ್ಯ ಒಂದು ಕ್ಷಣ ಹಿಡಿದು ನಿಲ್ಲಿಸಿದಂತಾಗುತ್ತದೆ, ಗೋಡೆಗಳ ಚಿತ್ರ ಮಸುಕಾಗಿಯೇ ಉಳಿಯುತ್ತದೆ, ಕ್ಯಾಮೆರಾ ತಿರುಗಿಸಿದಾಗ ಎಳೆದಂತಾಗುತ್ತದೆ.

9060 ಎಕ್ಸ್‌ಟಿ ಇಲ್ಲಿ ಎರಡು ರೀತಿಯಲ್ಲಿ ಉಳಿದುಕೊಳ್ಳುತ್ತದೆ. ಅದು ಹದಿನಾರು ಹಾದಿಗಳನ್ನೂ ಬಳಸುವುದರಿಂದ ಅದೇ ಹಳೆಯ ಬೋರ್ಡಿನಲ್ಲಿ 8ರ ಬದಲು 16 ಜಿಬಿ ವೇಗ ಸಿಗುತ್ತದೆ. ಜೊತೆಗೆ 16 ಜಿಬಿ ಸ್ವಂತ ಮೆಮೊರಿ ಇರುವಾಗ ಹೊರಗಿನಿಂದ ತರುವ ಸಂದರ್ಭವೇ ವಿರಳ. ಅದರ ಮೆಮೊರಿಯ ವೇಗ ಸೆಕೆಂಡಿಗೆ 320 ಜಿಬಿ ಮಾತ್ರ, 5060ಕ್ಕಿಂತ ಗಣನೀಯವಾಗಿ ಕಡಿಮೆ. ಚಿಪ್ಪಿನೊಳಗೇ ಇರುವ 32 ಎಂಬಿ ಕ್ಯಾಶ್, ಅಂದರೆ ಪದೇಪದೇ ಬೇಕಾಗುವ ಮಾಹಿತಿಯನ್ನು ಹತ್ತಿರವೇ ಇಟ್ಟುಕೊಳ್ಳುವ ಅತಿ ವೇಗದ ಸಣ್ಣ ಮೆಮೊರಿ, ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ, ಹಾಗಾಗಿ ಸಾಮಾನ್ಯ 1080ಪಿಗಿಂತ ಹೆಚ್ಚು ಸೂಕ್ಷ್ಮ ಚಿತ್ರದ 1440ಪಿ ಮಾನಿಟರಿನಲ್ಲಿಯೂ ಅದು ಸರಾಗವಾಗಿ ಓಡುತ್ತದೆ.

ರೈಜನ್ 5 5600ಜಿ ಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು. ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಆಕಾಶಕ್ಕೇರಿದ್ದ ಕಾಲದಲ್ಲಿ, ಸದ್ಯಕ್ಕೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಸಾಕು, ಮುಂದೆ ಕಾರ್ಡ್ ಹಾಕಿಕೊಳ್ಳೋಣ ಎಂದು ಎಷ್ಟೋ ಮಂದಿ ಈ ಪ್ರೊಸೆಸರನ್ನು ಆರಿಸಿಕೊಂಡರು. ಅದು ವಿವೇಕದ ಆಯ್ಕೆಯೇ ಆಗಿತ್ತು. ಆದರೆ ಹೆಸರಿನ ಕೊನೆಯಲ್ಲಿ ಜಿ ಇರುವ ಆ ಸಾಲಿನ ಪ್ರೊಸೆಸರುಗಳಿಗೆ ನಾಲ್ಕನೇ ತಲೆಮಾರಿನ ಸ್ಲಾಟನ್ನು ನಡೆಸುವ ಶಕ್ತಿ ಇಲ್ಲ. ನಾಲ್ಕನೇ ತಲೆಮಾರಿನ ಸ್ಲಾಟ್ ಇರುವ ಬಿ550 ಬೋರ್ಡ್ ಹಾಕಿದ್ದರೂ ಕಾರ್ಡಿಗೆ ದೊರೆಯುವುದು ಮೂರನೇ ತಲೆಮಾರಿನ ವೇಗವೇ. ಇಂತಹ ಕಂಪ್ಯೂಟರ್ ಇರುವವರಿಗೆ 8 ಜಿಬಿಯ, ಎಂಟು ಹಾದಿಯ ಕಾರ್ಡನ್ನು ಶಿಫಾರಸು ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ 12 ಜಿಬಿ ಇರುವ, ಮೂರರಲ್ಲಿ ಅಗ್ಗದ ಆರ್ಕ್ ಬಿ580 ಏಕಾಗಬಾರದು? ಕಾಗದದ ಮೇಲೆ ಅದು ಬಹಳ ಉದಾರವಾದ ಕಾರ್ಡ್. ಅದರ ಮೆಮೊರಿಯ ವೇಗ ಸೆಕೆಂಡಿಗೆ 456 ಜಿಬಿ, ಮೂರರಲ್ಲಿ ಅತಿ ಹೆಚ್ಚು. 2022ರಲ್ಲಿ ಇಂಟೆಲ್ ಮೊದಲ ಆರ್ಕ್ ಕಾರ್ಡುಗಳನ್ನು ಬಿಟ್ಟಾಗ ಇದ್ದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ತೊಂದರೆಗಳು ಈಗ ಬಹಳ ಕಡಿಮೆಯಾಗಿವೆ. ಆದರೆ ಅದಕ್ಕೆ ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು ಒಟ್ಟಿಗೇ ತಲುಪಲು ಬಿಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕೇ ಬೇಕು. ಅದನ್ನು ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳಲ್ಲಿ, ಚಾಲೂ ಮಾಡಲಾಗದ ಹಳೆಯ ಬೋರ್ಡಿನಲ್ಲಿ ಈ ಕಾರ್ಡ್ ತನ್ನ ಪೂರ್ತಿ ಬಲವನ್ನು ತೋರಿಸಲಾರದು. ಎರಡನೆಯ ತೊಡಕು ಇನ್ನೂ ಮುಖ್ಯವಾದದ್ದು. ಬಿ580ರ ಡ್ರೈವರ್ ಪ್ರೊಸೆಸರಿನ ಮೇಲೆ ಹೇರುವ ಹೊರೆ ಇನ್ನೆರಡು ಕಂಪನಿಗಳದಕ್ಕಿಂತ ಹೆಚ್ಚು ಎಂಬುದು 2025ರ ಜನವರಿಯಲ್ಲಿಯೇ ಹಲವು ಪರೀಕ್ಷಕರಿಂದ ಬೆಳಕಿಗೆ ಬಂತು. ರೈಜನ್ 5 2600ರಂತಹ ಪ್ರೊಸೆಸರಿನ ಜೊತೆ ಹಾಕಿದಾಗ, ಹೊಸ ಪ್ರೊಸೆಸರಿನಲ್ಲಿ ತಾನು ಹಿಂದಿಕ್ಕಿದ್ದ ಕಾರ್ಡುಗಳಿಗಿಂತಲೇ ಅದು ಹಿಂದೆ ಬೀಳುವುದು ಕಂಡುಬಂತು. ಹಣ ಉಳಿಸಬೇಕೆಂದು ಅಗ್ಗದ ಕಾರ್ಡ್ ಹುಡುಕುವವರ ಬಳಿಯೇ ಹಳೆಯ ಪ್ರೊಸೆಸರ್ ಇರುವುದು ಹೆಚ್ಚು ಎಂಬುದನ್ನು ನೆನೆದರೆ ಬೇಸರವಾಗುತ್ತದೆ. ಹೊಸದಾಗಿ ಪೂರ್ತಿ ಕಂಪ್ಯೂಟರನ್ನೇ ಕಟ್ಟುತ್ತಿರುವವರು, ಐ5 12400ಎಫ್ ಅಥವಾ ಅದಕ್ಕಿಂತ ಮೇಲಿನದನ್ನು ಹಾಕುವವರು, ಬಿ580ಯನ್ನು ನಿಶ್ಚಿಂತೆಯಿಂದ ಪರಿಗಣಿಸಬಹುದು. ಗೆಳೆಯರ ಹೊಸ ಕಂಪ್ಯೂಟರಿನಲ್ಲಿ ಅದು ಕೊಟ್ಟ ಚಿತ್ರದ ಗುಣಮಟ್ಟ ನನಗೆ ಬಹಳ ಮೆಚ್ಚುಗೆಯಾಯಿತು.

ಎನ್‌ವಿಡಿಯಾದ ಪರವಾಗಿ ಹೇಳಬೇಕಾದ ದೊಡ್ಡ ಮಾತು ಡಿಎಲ್‌ಎಸ್‌ಎಸ್. ಕಡಿಮೆ ರೆಸಲ್ಯೂಶನ್ನಿನಲ್ಲಿ ಚಿತ್ರ ಬರೆದು ಅದನ್ನು ದೊಡ್ಡದು ಮಾಡಿ ತೋರಿಸುವ ಈ ವಿದ್ಯೆಯಲ್ಲಿ ಆ ಕಂಪನಿ 2018ರಿಂದ ದುಡಿಯುತ್ತ ಬಂದಿದೆ. 2025ರ ಆರಂಭದಲ್ಲಿ ಬಂದ ನಾಲ್ಕನೇ ಆವೃತ್ತಿಯ ಚಿತ್ರ ಎಷ್ಟು ಸ್ವಚ್ಛವಾಗಿದೆಯೆಂದರೆ 1440ಪಿಯಲ್ಲಿ ಕ್ವಾಲಿಟಿ ಆಯ್ಕೆ ಇಟ್ಟು ಆಡುವಾಗ ಮೂಲ ಚಿತ್ರಕ್ಕೂ ಇದಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಎಎಂಡಿಯ ಇದೇ ಬಗೆಯ ವಿದ್ಯೆಯಾದ ಎಫ್‌ಎಸ್‌ಆರ್‌ನ ನಾಲ್ಕನೇ ಆವೃತ್ತಿ, 9000 ಸಾಲಿನ ಕಾರ್ಡುಗಳೊಂದಿಗೆ ಬಂದದ್ದು, ಹಿಂದಿನ ಆವೃತ್ತಿಗಳ ಮಿನುಗಾಟ ಮತ್ತು ಅಂಚಿನ ಒರಟುತನವನ್ನು ಬಹುಪಾಲು ನೀಗಿಸಿ ಹತ್ತಿರಕ್ಕೆ ಬಂದಿದೆ. ಆದರೆ ಅದಿರುವ ಆಟಗಳ ಸಂಖ್ಯೆ ಡಿಎಲ್‌ಎಸ್‌ಎಸ್ ಇರುವವುಗಳಿಗಿಂತ ಕಡಿಮೆ. ಇನ್ನು, ಒಂದು ನಿಜವಾದ ಫ್ರೇಮಿಗೆ ಮೂರು ಕೃತಕ ಫ್ರೇಮ್ ಸೇರಿಸುವ 5060ರ ಮಲ್ಟಿ ಫ್ರೇಮ್ ಜನರೇಶನ್ ಬಗ್ಗೆ ಜಾಹೀರಾತು ಹೇಳುವಷ್ಟನ್ನು ನಾನು ಹೇಳಲಾರೆ. ಮೊದಲೇ ಸೆಕೆಂಡಿಗೆ ಸುಮಾರು 60 ಫ್ರೇಮ್ ಬರುತ್ತಿದ್ದರೆ ಮಾತ್ರ ಅದು ಹಿತವಾಗಿರುತ್ತದೆ. 30ರಿಂದ ಹೊರಟು 100 ಮುಟ್ಟಿಸಿದರೆ ಕಣ್ಣಿಗೆ ವೇಗ ಕಂಡರೂ ಮೌಸಿನ ಪ್ರತಿಕ್ರಿಯೆ 30ರದೇ ಇರುತ್ತದೆ. ಸಾಲದ್ದಕ್ಕೆ ಈ ಸೌಲಭ್ಯವೂ ಅದೇ 8 ಜಿಬಿಯಲ್ಲಿ ತನ್ನ ಪಾಲು ಕೇಳುತ್ತದೆ.

ಬೆಳಕು ನೆರಳುಗಳನ್ನು ನಿಜದಂತೆ ಲೆಕ್ಕ ಹಾಕಿ ತೋರಿಸುವ ರೇ ಟ್ರೇಸಿಂಗ್‌ನಲ್ಲಿ ಎನ್‌ವಿಡಿಯಾಗೆ ಇನ್ನೂ ಮೇಲುಗೈ ಇದೆ, ಅಂತರ ಮಾತ್ರ ಕಿರಿದಾಗಿದೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಇಷ್ಟನ್ನೇ 1080ಪಿಯಲ್ಲಿ ಆಡುವವರಿಗೆ ಈ ಚರ್ಚೆಯೇ ಅನಗತ್ಯ. ಅಲ್ಲಿ ಪ್ರೊಸೆಸರ್ ಮುಖ್ಯ, ಮೂರೂ ಕಾರ್ಡುಗಳು ಬೇಕಾದುದಕ್ಕಿಂತ ಹೆಚ್ಚೇ ಕೊಡುತ್ತವೆ.

ಪರೀಕ್ಷೆಗಳಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ, ಆದರೆ ಮಲೆನಾಡಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ಕಡ್ಡಾಯವಾಗಿ ನೋಡಬೇಕಾದ ವಿಷಯ ಕರೆಂಟಿನದು. ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯಂತೂ ಮರ ಬಿದ್ದು ತಂತಿ ಹರಿಯುವುದು ಹೊಸತಲ್ಲ. ಊರಿನೊಳಗೂ ಗಾಳಿ ಮಳೆ ಜೋರಾದರೆ ಕರೆಂಟು ಹೋಗಿ ಬಂದು ಮಾಡುತ್ತದೆ. ಹೀಗಾಗಿ ಡೆಸ್ಕ್‌ಟಾಪ್ ಇರುವ ಮನೆಯಲ್ಲಿ ಯುಪಿಎಸ್ ಇದ್ದೇ ಇರುತ್ತದೆ, ಮತ್ತು ಅದು ಬಹುತೇಕ 600 ವಿಎ ಎಂದು ಬರೆದ ಸಣ್ಣ ಪೆಟ್ಟಿಗೆಯೇ ಆಗಿರುತ್ತದೆ. ಆ ಬಗೆಯ ಯುಪಿಎಸ್ ಹೊರಬಲ್ಲ ನಿಜವಾದ ಹೊರೆ ಸಾಮಾನ್ಯವಾಗಿ 360 ವ್ಯಾಟ್. ಕಂಪನಿಗಳೇ ಹೇಳುವಂತೆ ಕಾರ್ಡಿನ ವಿದ್ಯುತ್ ಬಳಕೆ 5060ಕ್ಕೆ 145 ವ್ಯಾಟ್, 16 ಜಿಬಿಯ 9060 ಎಕ್ಸ್‌ಟಿಗೆ 160, ಬಿ580ಗೆ 190. ಆಟದ ಸಮಯದಲ್ಲಿ ಪ್ರೊಸೆಸರಿಗೆ 65 ವ್ಯಾಟ್, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ 40 ವ್ಯಾಟ್ ಎಂದಿಟ್ಟುಕೊಂಡು, ಎಸ್‌ಎಂಪಿಎಸ್‌ನ (ಕಂಪ್ಯೂಟರಿನೊಳಗೆ ವಿದ್ಯುತ್ ಪೂರೈಸುವ ಪೆಟ್ಟಿಗೆಯ) ದಕ್ಷತೆ ಶೇ 85 ಎಂದು ಭಾವಿಸಿ, ಮಾನಿಟರಿಗೆ 25 ವ್ಯಾಟ್ ಸೇರಿಸಿದರೆ ಯುಪಿಎಸ್ ಮೇಲಿನ ಹೊರೆ 5060ರೊಂದಿಗೆ ಸುಮಾರು 319, 9060 ಎಕ್ಸ್‌ಟಿಯೊಂದಿಗೆ ಸುಮಾರು 337, ಬಿ580ಯೊಂದಿಗೆ ಸುಮಾರು 372 ವ್ಯಾಟ್ ಆಗುತ್ತದೆ. ಅಂದರೆ ಆಟದ ನಡುವೆ ಕರೆಂಟು ಹೋದರೆ ಮೊದಲ ಎರಡು ಕಾರ್ಡುಗಳಿದ್ದಲ್ಲಿ ಸೇವ್ ಮಾಡಿ ಮುಚ್ಚಲು ಸಮಯ ಸಿಕ್ಕೀತು. ಮೂರನೆಯದಿದ್ದಲ್ಲಿ ಯುಪಿಎಸ್ ಕೂಗಿ ಅಲ್ಲಿಯೇ ಕೈಬಿಡುವ ಸಾಧ್ಯತೆ ಹೆಚ್ಚು. ತಯಾರಕರು ವೇಗ ಹೆಚ್ಚಿಸಿ ಮಾರುವ ಓವರ್‌ಕ್ಲಾಕ್ ಮಾದರಿಗಳು ಇನ್ನೂ ಹೆಚ್ಚು ಎಳೆಯುವುದರಿಂದ ಯಾವ ಕಾರ್ಡ್ ಕೊಂಡರೂ 1000 ವಿಎಗಿಂತ ಮೇಲಿನ ಯುಪಿಎಸ್‌ಗೆ ಹೋಗುವುದು ಒಳ್ಳೆಯದು, ಮತ್ತು ಆ ಖರ್ಚನ್ನು ಕಾರ್ಡಿನ ಬೆಲೆಯೊಂದಿಗೇ ಕೂಡಿಸಿ ಲೆಕ್ಕ ಹಾಕಬೇಕು. ಮನೆಯ ಇನ್ವರ್ಟರಿನಿಂದಲೇ ನಡೆಸುತ್ತೇವೆ ಎನ್ನುವವರು ಅದು ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನಂತೆಯೇ ನಯವಾದ ಅಲೆಯ ಕರೆಂಟು ಕೊಡುವುದು) ಆಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಅದರ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಆ ಸ್ಥಾನಕ್ಕೇ ಇಡಬೇಕು.

ಮೀಟರಿನ ಲೆಕ್ಕವನ್ನೂ ಇದರೊಂದಿಗೇ ನೋಡಬೇಕಾಗುತ್ತದೆ. 337 ವ್ಯಾಟಿನ ಕಂಪ್ಯೂಟರಿನಲ್ಲಿ ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ ಸುಮಾರು 30 ಯೂನಿಟ್ ಆಗುತ್ತದೆ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ನಿಗದಿಯಾಗಿರುವುದರಿಂದ, ಕಡಿಮೆ ಬಳಕೆಯ ಮನೆಯೊಂದರಲ್ಲಿ ಈ 30 ಯೂನಿಟ್ ಆ ಮಿತಿಯನ್ನು ದಾಟಿಸಿ ಮೆಸ್ಕಾಂ ಬಿಲ್ಲಿನಲ್ಲಿ ಹಣ ಕಾಣಿಸಬಹುದು. 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಕಾರ್ಡುಗಳ ನಡುವಿನ ವ್ಯತ್ಯಾಸ ಇಲ್ಲಿ ದೊಡ್ಡದೇನಲ್ಲ, 5060ಕ್ಕೂ ಬಿ580ಗೂ ಹೋಲಿಸಿದರೆ ತಿಂಗಳಿಗೆ ಐದು ಯೂನಿಟ್ಟಿನಷ್ಟು. ಮನೆಯ ಬಿಲ್ ಕಟ್ಟುವ ಹಿರಿಯರಿಗೆ ಮೊದಲೇ ತಿಳಿಸಿಟ್ಟರೆ ಮುಂದೆ ಮಾತು ಬರುವುದಿಲ್ಲ.

ನಮ್ಮ ಹವೆಯಿಂದ ಒಂದು ಅನುಕೂಲವೂ ಇದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿರುವುದರಿಂದ ಕೋಣೆಯ ಉಷ್ಣತೆ ವರ್ಷದ ಬಹುಕಾಲ ಹಿತವಾಗಿಯೇ ಇರುತ್ತದೆ. ಬಯಲುಸೀಮೆಯ ಬೇಸಿಗೆಗೆಂದು ಶಿಫಾರಸು ಮಾಡುವ ಮೂರು ಫ್ಯಾನಿನ, ದಪ್ಪ ಹೀಟ್‌ಸಿಂಕಿನ ದುಬಾರಿ ಮಾದರಿಗಳಿಗೆ ಇಲ್ಲಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಎರಡು ಫ್ಯಾನಿನ ಸಾಧಾರಣ ಮಾದರಿಯೇ ನನ್ನ ಮೇಜಿನ ಮೇಲೆ ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ನಮ್ಮ ನಿಜವಾದ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವ ಮನೆಗಳಲ್ಲಿ ಕಾರ್ಡಿನ ಚಿನ್ನದ ಬಣ್ಣದ ಸಂಪರ್ಕ ಪಟ್ಟಿಗೂ ಸ್ಲಾಟಿಗೂ ಕಿಲುಬು ಬರಬಹುದು. ಕಂಪ್ಯೂಟರನ್ನು ಹೊರಗೋಡೆಗೆ ತಾಗಿಸಿ ಇಡಬಾರದು, ನೆಲದ ಮೇಲಂತೂ ಇಡಲೇಬಾರದು, ಮತ್ತು ಮಳೆಗಾಲದಲ್ಲಿ ಆಟ ಇರಲಿ ಇಲ್ಲದಿರಲಿ ದಿನಕ್ಕೊಮ್ಮೆ ಚಾಲೂ ಮಾಡಿ ಒಳಗೆ ಬಿಸಿ ಹರಿಯಲು ಬಿಡಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡುವುದಕ್ಕಿಂತ ಒಳ್ಳೆಯ ರಕ್ಷಣೆ ಬೇರೆ ಇಲ್ಲ.

ಆಟದ ಜೊತೆಗೆ ಕೆಲಸವೂ ಇದೆ ಎನ್ನುವವರ ವಿಷಯದಲ್ಲಿ ನನ್ನ ತೀರ್ಮಾನ ಬದಲಾಗುತ್ತದೆ. ಚಿಕ್ಕಮಗಳೂರು, ಹಾಸನ ಎರಡೂ ಕಡೆ ಮದುವೆಯ ವಿಡಿಯೊ ಎಡಿಟಿಂಗ್ ಮಾಡುವ ಸ್ಟುಡಿಯೊಗಳು ಬಹಳ ಇವೆ. ಈಗಿನ ಕ್ಯಾಮೆರಾಗಳು ಕೊಡುವ, ಬಣ್ಣದ ವಿವರ ಹೆಚ್ಚಿರುವ 4:2:2 ಮಾದರಿಯ 10 ಬಿಟ್ ವಿಡಿಯೊವನ್ನು ನೇರವಾಗಿ ಬಿಡಿಸುವ ವ್ಯವಸ್ಥೆ ಆರ್‌ಟಿಎಕ್ಸ್ 50 ಸಾಲಿನ ಕಾರ್ಡುಗಳಲ್ಲಿದೆ. ಅದರಿಂದ ಟೈಮ್‌ಲೈನ್ ಎಳೆದಾಗ ತಡವರಿಸುವುದು ತಪ್ಪುತ್ತದೆ. ಬ್ಲೆಂಡರ್ ಎಂಬ 3ಡಿ ಚಿತ್ರಣದ ತಂತ್ರಾಂಶ ಬಳಸುವವರಿಗೂ, ಕಾಲೇಜಿನ ಪ್ರಾಜೆಕ್ಟಿಗೆಂದು ಮೆಷಿನ್ ಲರ್ನಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗಳಿಗೂ ಎನ್‌ವಿಡಿಯಾದ ಕೂಡಾ (CUDA) ಎಂಬ ತಂತ್ರಾಂಶವೇ ಇಂದಿಗೂ ಹೆಚ್ಚು ಸುಗಮ ದಾರಿ. ಆದರೆ ಅವರಿಗೂ 8 ಜಿಬಿ ಬೇಗ ಸಾಲದಾಗುತ್ತದೆ, ಆದ್ದರಿಂದ ಇನ್ನಷ್ಟು ಕಾಲ ಹಣ ಕೂಡಿಟ್ಟು 16 ಜಿಬಿಯ 5060 ಟಿಐ ಕೊಳ್ಳಿರೆಂದೇ ಅಕ್ಕನ ಮಗನ ಸಹಪಾಠಿಗಳಿಗೆ ಹೇಳುತ್ತ ಬಂದಿದ್ದೇನೆ.

ಕೊಳ್ಳುವ ಜಾಗದ ಬಗ್ಗೆ ಕೆಲವು ಮಾತು ಹೇಳಬೇಕು. ಮೇಲೆ ಹೇಳಿದ ಡಾಲರ್ ಬೆಲೆಗಳು ಅಮೆರಿಕದ ತೆರಿಗೆ ಸೇರದ ಬೆಲೆಗಳು. ಇಲ್ಲಿ ಆಮದಿನ ಖರ್ಚು, ವಿತರಕರ ಪಾಲು, ಶೇ 18ರ ಜಿಎಸ್‌ಟಿ ಸೇರುವುದರಿಂದ ನೇರವಾಗಿ ರೂಪಾಯಿಗೆ ಗುಣಿಸಿ ಅಂಗಡಿಯವರು ಮೋಸ ಮಾಡುತ್ತಿದ್ದಾರೆಂದು ತಿಳಿಯುವುದು ತಪ್ಪು. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್ಪುಗಳ ಬೆಲೆಯೂ ಏರಿದೆ, ಮತ್ತು ಅದರ ಪೆಟ್ಟು ಹೆಚ್ಚು ಮೆಮೊರಿಯ ಕಾರ್ಡುಗಳಿಗೇ ಹೆಚ್ಚು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅಥವಾ ಆನ್‌ಲೈನಿನಲ್ಲಿ ನಮ್ಮೂರಿಗಿಂತ ಸ್ವಲ್ಪ ಅಗ್ಗಕ್ಕೆ ಸಿಗುವುದು ನಿಜ. ಆದರೂ ವ್ಯತ್ಯಾಸ ಸಣ್ಣದಾಗಿದ್ದರೆ ನಾನು ಊರಿನ ಅಂಗಡಿಯ ಪರ. ಕಾರ್ಡ್ ಕೆಟ್ಟರೆ ಅದು ಬೆಂಗಳೂರಿನ ಸರ್ವೀಸ್ ಸೆಂಟರಿಗೇ ಹೋಗಬೇಕಾಗುತ್ತದೆ. ಪಾರ್ಸೆಲ್ ಕಟ್ಟಿ ಕಳಿಸಿ, ಬೆನ್ನು ಬಿದ್ದು ಕೇಳಿ, ತರಿಸಿಕೊಡುವ ಹೊಣೆಯನ್ನು ಹೊರಲು ಒಪ್ಪುವ ಅಂಗಡಿಯವರು ಸಿಕ್ಕರೆ ಆ ಹೆಚ್ಚಿನ ಹಣ ವ್ಯರ್ಥವಲ್ಲ. ಇದನ್ನು ಕೊಳ್ಳುವ ಮೊದಲೇ ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಬೇಕು. ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು, ಅದು ಪೆಟ್ಟಿಗೆಯ ಮೇಲಿನದಕ್ಕೂ ಕಾರ್ಡಿನ ಬೆನ್ನಿನ ಮೇಲಿನದಕ್ಕೂ ಹೊಂದುವುದನ್ನು ಅಲ್ಲೇ ನೋಡಬೇಕು, ಮತ್ತು ವಿದೇಶದಿಂದ ಯಾರೋ ಹೊತ್ತು ತಂದ ಕಾರ್ಡಿಗೆ ಭಾರತದಲ್ಲಿ ವಾರಂಟಿ ಸಿಗದೆ ಹೋಗಬಹುದು ಎಂಬುದು ನೆನಪಿರಬೇಕು.

ಹೊಸದಕ್ಕೆ ಹಣ ಸಾಲದವರು ಹಳೆಯ ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿಯ ಬಗ್ಗೆ ಕೇಳುತ್ತಾರೆ. 2021ರ ಆ ಕಾರ್ಡ್ ಹದಿನಾರು ಹಾದಿಗಳನ್ನೂ ಬಳಸುತ್ತದೆ, ಮೆಮೊರಿಯೂ ಧಾರಾಳವಾಗಿದೆ. ಆದ್ದರಿಂದ ಬಿ450 ಬೋರ್ಡಿಗೆ ಅದು ಇಂದಿಗೂ ಹೊಂದುವ ಜೋಡಿ. ಆದರೆ 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಂದ ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಳಿಸುವ ಮೈನಿಂಗ್ ನಿಂತ ಮೇಲೆ ಮಾರುಕಟ್ಟೆಗೆ ಬಂದ ಹಳೆಯ ಕಾರ್ಡುಗಳಲ್ಲಿ ಹಗಲು ರಾತ್ರಿ ದುಡಿದವೂ ಇವೆ. ಮಾರುವವರ ಮನೆಯಲ್ಲಿಯೇ ಕಾರ್ಡನ್ನು ಅರ್ಧ ಗಂಟೆ ಭಾರದ ಆಟದಲ್ಲಿ ಓಡಿಸಿ, ಉಷ್ಣತೆ ಎಲ್ಲಿಗೆ ಹೋಗಿ ನಿಲ್ಲುತ್ತದೆ, ಫ್ಯಾನ್ ಕರಕರ ಸದ್ದು ಮಾಡುತ್ತದೆಯೇ, ತೆರೆಯ ಮೇಲೆ ಚುಕ್ಕೆಗಳೇನಾದರೂ ಮೂಡುತ್ತವೆಯೇ ಎಂದು ನೋಡದೆ, ಮೂಲ ಬಿಲ್ ಕೈಗೆ ಪಡೆಯದೆ ಮುಂಗಡ ಕೊಡಬಾರದು.